ಶೋಕೇಸಿನ ಫೋನು

ನಮ್ಮ ಕಡೆ ಈಗ ನಿಶ್ಚಿತಾರ್ಥದ ತಟ್ಟೆಗಳ ಜೊತೆ ಒಂದು ಫೋನೂ ಬರುತ್ತದೆ. ಸೀರೆ, ಹೂವು, ಕೊಬ್ಬರಿ ಗಿಟುಕು, ಹಣ್ಣು, ಬಳೆ, ಇವುಗಳ ನಡುವೆ ರಿಬ್ಬನ್ ಕಟ್ಟಿದ ಒಂದು ಡಬ್ಬಿ. ಯಾವಾಗ ಶುರುವಾಯಿತೋ ತಿಳಿಯದು. ಅಮ್ಮನ ಕಾಲದಲ್ಲಿ ಹುಡುಗನ ಕಡೆಯವರು ಕೈಗಡಿಯಾರ ಇಡುತ್ತಿದ್ದರಂತೆ. ಗಡಿಯಾರ ಕಟ್ಟಿಕೊಂಡವಳಿಗೆ ಹೊತ್ತೆಷ್ಟಾಯಿತು ಎಂದು ಗೊತ್ತಾಗುತ್ತಿತ್ತು, ಅಷ್ಟೆ.

ಫೋನಿನ ಜೊತೆಗೆ ಒಂದು ಶಾಸ್ತ್ರವೂ ಹುಟ್ಟಿಕೊಂಡಿದೆ. ಉಂಗುರ ತೊಡಿಸಿದ ಮೇಲೆ ಹುಡುಗನ ತಂಗಿ ಬಂದು ಹುಡುಗಿಯ ಹಳೇ ಫೋನಿನಿಂದ ಸಿಮ್ ತೆಗೆದು ಹೊಸದಕ್ಕೆ ಹಾಕುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೊದಲ ಕರೆ ಹುಡುಗನದು, ಅದೇ ಕೋಣೆಯ ಆ ಮೂಲೆಯಿಂದ ಈ ಮೂಲೆಗೆ. ಹುಡುಗಿ ತಲೆ ತಗ್ಗಿಸಿ 'ಹಲೋ' ಅನ್ನಬೇಕು. ನಾನು ಅನೇಕ ಮನೆಗಳಲ್ಲಿ ಇದನ್ನು ನೋಡಿದ್ದೆ, ಚಪ್ಪಾಳೆಯನ್ನೂ ತಟ್ಟಿದ್ದೆ.

ನಮ್ಮ ಮನೆ ಶ್ರೀನಿವಾಸಪುರದಲ್ಲಿ. ಅಪ್ಪ ಮಾವಿನ ಮಂಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ನಾನು ರಸಾಯನಶಾಸ್ತ್ರ ಓದಿ, ಕೋಲಾರದ ಒಂದು ಖಾಸಗಿ ಲ್ಯಾಬಿನಲ್ಲಿ ನೀರಿನ ಪರೀಕ್ಷೆ ಮಾಡುತ್ತೇನೆ. ಯಾರದೋ ಬೋರ್‌ವೆಲ್ ನೀರು ಬಾಟಲಿಯಲ್ಲಿ ಬರುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ಗಡಸುತನ ಎಷ್ಟು ಎಂದು ನೋಡಿ ವರದಿ ಕೊಡುತ್ತೇನೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಶನಿವಾರ ಮಾತ್ರ ಅರ್ಧ ದಿನ. ಅವತ್ತು ಊಟದ ಹೊತ್ತಿಗೇ ಮನೆ ಸೇರಬಹುದು. ನಾನು ಸೇರುವುದು ಸಂಜೆ. ನಡುವಿನ ಹೊತ್ತಿನಲ್ಲಿ ಒಬ್ಬಳೇ ಒಂದು ಕಡೆ ಹೋಗಿ ಕುಳಿತು ಬರುತ್ತೇನೆ. ಅಲ್ಲಿ ನನಗಾಗಿ ಯಾರೂ ಕಾಯುತ್ತಿರುವುದಿಲ್ಲ. ನಾಚಿಕೊಳ್ಳುವಂಥದ್ದೂ ಏನೂ ಇಲ್ಲ. ಆದರೂ ಆ ಜಾಗ ಯಾವುದು ಎಂದು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಅಮ್ಮ ಬಾಗಿಲಲ್ಲಿ ಕೇಳುತ್ತಾಳೆ, "ಬಸ್ ಲೇಟಾ?"

"ಹೂಂ," ಅನ್ನುತ್ತೇನೆ.

ಬಸ್ಸು ಲೇಟಾಗಿಲ್ಲವೆಂದು ಅಮ್ಮನಿಗೆ ಗೊತ್ತು. ಬಸ್ ನಿಲ್ದಾಣ ನಮ್ಮ ಬೀದಿಯ ಕೊನೆಗೇ ಇದೆ.

ನಿಶ್ಚಿತಾರ್ಥಕ್ಕೆ ಸ್ವಲ್ಪ ಮೊದಲು ನಾನು ಒಂದು ಫೋನು ಕೊಂಡಿದ್ದೆ. ಅಲ್ಲಿಯವರೆಗೆ ನನ್ನ ಕೈಯಲ್ಲಿದ್ದದ್ದು ಅಣ್ಣ ಬಳಸಿ ಬಿಟ್ಟದ್ದು. ಅದರ ಪ್ಯಾಟರ್ನ್ ಮನೆಯವರಿಗೆಲ್ಲ ಗೊತ್ತಿತ್ತು, ಪಕ್ಕದ ಮನೆಯ ಮಕ್ಕಳಿಗೂ ಗೊತ್ತಿತ್ತು. ಯಾರು ಬೇಕಾದರೂ ಎತ್ತಿಕೊಂಡು ಹಾಡು ಕೇಳುತ್ತಿದ್ದರು, ಗ್ಯಾಸ್ ಬುಕ್ ಮಾಡುತ್ತಿದ್ದರು, ನನಗೆ ಬಂದ ಮೆಸೇಜನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹೊಸದನ್ನು ಆರಿಸಲು ಬಹಳ ದಿನ ತೆಗೆದುಕೊಂಡೆ. ನನಗೆ ಬೇಕಾಗಿದ್ದದ್ದು ಒಂದೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಕಪ್ಪು ಬಣ್ಣದ್ದು, ಬೇಡದ ಆ್ಯಪ್‌ಗಳನ್ನು ತುಂಬಿಕೊಂಡು ಬರದಂಥದ್ದು. ಕೋಲಾರದ ಅಂಗಡಿಯವನಿಗೆ ನನ್ನ ಆಯ್ಕೆ ಹಿಡಿಸಲಿಲ್ಲ.

"ಮೇಡಂ, ಇದರಲ್ಲಿ ಸೆಲ್ಫಿ ಅಷ್ಟು ಚೆನ್ನಾಗಿ ಬರಲ್ಲ."

"ನಾನು ಸೆಲ್ಫಿ ತೆಗೆಯಲ್ಲ."

"ಮತ್ತೆ ನಿಮ್ಮ ಫೋಟೋ ಯಾರು ತೆಗೀತಾರೆ?"

"ಯಾರೂ ಬೇಡ."

ಅವನು ನನ್ನ ಮುಖ ನೋಡಿ ಬಿಲ್ ಬರೆದ.

ಆ ಫೋನಿನ ಬೀಗಕ್ಕೆ ಹಾಕಿದ ಸಂಖ್ಯೆ ನನಗೊಬ್ಬಳಿಗೇ ಗೊತ್ತಿತ್ತು. ಅಣ್ಣ ಎರಡು ಸಲ ಕೇಳಿ ಸುಮ್ಮನಾದ. ಇಪ್ಪತ್ತಾರು ವರ್ಷಕ್ಕೆ ನನ್ನದೆನ್ನುವಂಥ ಒಂದು ಬಾಗಿಲು ಸಿಕ್ಕಿತ್ತು.

ಹುಡುಗ ಮುಳಬಾಗಿಲಿನವನು, ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ದೊಡ್ಡಮ್ಮ ತಂದ ಸಂಬಂಧ. ದೊಡ್ಡಮ್ಮನೆಂದರೆ ಅಮ್ಮನ ಅಕ್ಕ. ನಮ್ಮ ಮನೆಯ ಒಳ್ಳೆಯ ಕೆಲಸಗಳೆಲ್ಲ ಅವಳ ಬಾಯಿಂದಲೇ ಶುರುವಾಗುತ್ತವೆ. ನೋಡಲು ಬಂದಾಗ ಹುಡುಗ ಕಡಿಮೆ ಮಾತಾಡಿದ. ನಾನೂ ಕಡಿಮೆ ಮಾತಾಡುವವಳು. ಇಬ್ಬರ ಮೌನವೂ ಒಂದೇ ಬಗೆಯದು ಎಂದು ನಂಬಿ ಒಪ್ಪಿದೆ.

ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ನಡೆಯಿತು, ಒಂದು ಭಾನುವಾರ. ಊಟವೆಲ್ಲ ಮುಗಿದು ಹೆಂಗಸರು ನಡುಮನೆಯಲ್ಲಿ ಕುಳಿತ ಮೇಲೆ ಹುಡುಗನ ತಾಯಿ ಡಬ್ಬಿ ತೆರೆದು ಫೋನನ್ನು ಹೊರತೆಗೆದರು. ನೇರಳೆ ಬಣ್ಣ, ಅಂಗೈಗಿಂತ ದೊಡ್ಡದು, ಬೆನ್ನಿನ ಮೇಲೆ ಮೂರು ಕಣ್ಣು. "ಅದಕ್ಕೂ ಒಂದು ಬೊಟ್ಟು ಇರಲಿ," ಎಂದು ಅರಿಶಿನ ಕುಂಕುಮ ಹಚ್ಚಿ ನನ್ನ ಮಡಿಲಲ್ಲಿಟ್ಟರು. ಡಬ್ಬಿಯ ಸೀಲನ್ನು ಮೊದಲೇ ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದದ್ದು ನನ್ನ ಕಣ್ಣಿಗೆ ಬಿತ್ತು. ದಿನವೂ ಬಾಟಲಿಗಳ ಸೀಲ್ ನೋಡಿ ದಾಖಲಿಸುವವಳಿಗೆ ಅದು ಕಾಣದೇ ಇರುವುದಿಲ್ಲ.

ಹುಡುಗನ ತಂಗಿ ಕಾಲೇಜು ಓದುವ ಹುಡುಗಿ, ನಗುಮುಖದವಳು. ನನ್ನೆದುರು ಬಂದು ಕುಳಿತಳು.

"ಅತ್ತಿಗೆ, ನಿಮ್ಮ ಫೋನ್ ಕೊಡಿ. ಯಾರಾದ್ರೂ ಒಂದು ಪಿನ್ ಕೊಡ್ರಪ್ಪಾ, ಡಬ್ಬಿ ಒಳಗಿದ್ದ ಸಿಮ್ ಪಿನ್ ನಮ್ಮಣ್ಣ ಎಲ್ಲೋ ಕಳ್ದಾಕವ್ನೆ."

ಯಾರೋ ತಮ್ಮ ಸೆರಗಿನಿಂದಲೇ ಪಿನ್ ಬಿಚ್ಚಿ ಕೊಟ್ಟರು. ಅವಳು ಕೈ ಚಾಚಿದಳು. ನಾನು ನನ್ನ ಫೋನನ್ನು ಕೊಡಲಿಲ್ಲ.

"ಬೇಡ," ಎಂದೆ.

"ಏನು ಬೇಡ ಅತ್ತಿಗೆ?"

"ಸಿಮ್ ಇದರಲ್ಲೇ ಇರಲಿ."

ಹಿಂದಿನಿಂದ ಯಾರೋ ನಕ್ಕರು. "ಹಳೇ ಫೋನಲ್ಲಿ ಏನು ಗುಟ್ಟೈತೋ ಏನೋ ಕಣಮ್ಮ, ಬಿಡಕ್ಕೆ ಮನಸ್ಸಿಲ್ಲ ಹುಡುಗಿಗೆ!"

"ಹಳೇದಲ್ಲ. ಹೊಸದೇ," ಎಂದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಹುಡುಗನ ತಾಯಿಯ ಮುಖ ನೋಡಿದ ದೊಡ್ಡಮ್ಮ ಕೂತಲ್ಲಿಂದ ಎದ್ದೇಬಿಟ್ಟಳು. "ಅಯ್ಯಯ್ಯೋ, ಟೈಮ್ ನೋಡ್ರಮ್ಮಾ! ನಾಲ್ಕೂವರೆ ಆಗೋಯ್ತು. ಭಾನುವಾರ, ರಾಹುಕಾಲ! ರಾಹುಕಾಲದಲ್ಲಿ ಯಾರಾದ್ರೂ ಸಿಮ್ ಹಾಕ್ತಾರಾ?"

ಸಿಮ್ಮಿಗೂ ರಾಹುಕಾಲ ನೋಡಬೇಕೆಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆದರೆ ನೋಡಬೇಕಾಗಿಲ್ಲ ಎಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

"ಹೌದ್ಹೌದು," ಎಂದರು ಹುಡುಗನ ತಾಯಿ. "ಒಳ್ಳೆ ಕೆಲಸ ಮಾಡಿದ್ರಿ ನೆನಪು ಮಾಡಿ. ನಾಳೆ ಬೆಳಿಗ್ಗೆ ಹಾಕ್ಕೊಳ್ಲಿ."

ತಂಗಿ ಮಾತ್ರ ಬಿಡಲಿಲ್ಲ. "ವೈಫೈ ಆದ್ರೂ ಹಾಕ್ಕೊಡ್ತೀನಿ. ವೈಫೈಗೆ ರಾಹುಕಾಲ ಪರವಾಗಿಲ್ವಾ ದೊಡ್ಡಮ್ಮ?"

"ಅದಕ್ಕೇನಮ್ಮಾ, ಗಾಳೀಲಿ ಬರೋದು ತಾನೇ," ಎಂದಳು ದೊಡ್ಡಮ್ಮ.

ಹೀಗೆ ನೇರಳೆ ಫೋನು ನಮ್ಮ ಮನೆಯ ವೈಫೈಗೆ ಸೇರಿತು.

ಅವರ ಗಾಡಿ ಬೀದಿ ತಿರುಗುವವರೆಗೂ ದೊಡ್ಡಮ್ಮ ಕೈ ಬೀಸಿದಳು. ಆಮೇಲೆ ಒಳಗೆ ಬಂದಳು. ಕೋಪ ಬಂದರೆ ಅವಳ ಕನ್ನಡ ನಿಂತು ತೆಲುಗು ಶುರುವಾಗುತ್ತದೆ. "ಏಮಿ ಪಿಲ್ಲವೇ ನುವ್ವು! ಮಾ ಪರುವು ತೀಯಡಾನಿಕೇ ಪುಟ್ಟಾವಾ?" ನಮ್ಮ ಮಾನ ತೆಗೆಯುವುದಕ್ಕೇ ಹುಟ್ಟಿದೆಯಾ ಎಂದು ಅವಳು ನನ್ನನ್ನು ಕೇಳುತ್ತಿರುವುದು ಅದೇ ಮೊದಲಲ್ಲ. ಎಂ.ಎಸ್ಸಿ. ಸೇರಿದಾಗಲೂ ಇದೇ ವಾಕ್ಯವಿತ್ತು.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮೊದಲು ಆ ಫೋನನ್ನು ಕೈಗೆ ತೆಗೆದುಕೊಂಡು, ತಂಗಿ ಹೇಳಿಹೋಗಿದ್ದ ಸಂಖ್ಯೆ ಒತ್ತಿ ತೆರೆದು, ನ್ಯಾಯವಾಗಿ ನೋಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಪರದೆ ಅದರದ್ದೇ ಚೆನ್ನ. ಕ್ಯಾಮೆರಾ ಹೋಲಿಸುವ ಮಾತೇ ಇಲ್ಲ. ಕಿಟಕಿಯಾಚೆಯ ಹುಣಸೆ ಮರದ ಒಂದೊಂದು ಎಲೆಯೂ ಅದರಲ್ಲಿ ಬಿಡಿಯಾಗಿ ಕಂಡಿತು, ನನ್ನದರಲ್ಲಿ ಹಸಿರು ಮುದ್ದೆ. ಬ್ಯಾಟರಿಯೂ ದೊಡ್ಡದು. ಯಂತ್ರವಾಗಿ ಅದು ಗೆದ್ದಿತ್ತು. ವರದಿ ಬರೆಯುವುದಾದರೆ ಹಾಗೆಂದೇ ಬರೆಯುತ್ತಿದ್ದೆ.

ಆಮೇಲೆ ಅದರ ಸೆಟ್ಟಿಂಗ್ಸ್ ತೆರೆದೆ. ಖಾತೆಯ ಜಾಗದಲ್ಲಿ ನನ್ನ ಹೆಸರಿತ್ತು, ಅದರ ಹಿಂದೆ ಅವನ ಹೆಸರು ಅಂಟಿಕೊಂಡಿತ್ತು. ಮದುವೆಗೆ ಇನ್ನೂ ಮಂಟಪವೂ ಗೊತ್ತಾಗಿರಲಿಲ್ಲ. ಬೆರಳಚ್ಚಿನ ಜಾಗದಲ್ಲಿ ಒಂದು ಬೆರಳು ಆಗಲೇ ದಾಖಲಾಗಿತ್ತು. ಫೋನಿಗೆ ಮತ್ತೆ ಬೀಗ ಹಾಕಿ, ನನ್ನ ಹತ್ತು ಬೆರಳುಗಳನ್ನೂ ಒಂದೊಂದಾಗಿ ಇಟ್ಟು ನೋಡಿದೆ. ಒಂದಕ್ಕೂ ಅದು ತೆರೆಯಲಿಲ್ಲ. ನನ್ನ ಕೈಗೆ ಬರುವ ಮೊದಲೇ ಆ ಫೋನು ಇನ್ನೊಂದು ಕೈಯ ಗುರುತು ಹಿಡಿಯಲು ಕಲಿತಿತ್ತು.

ಅದನ್ನು ಅಮ್ಮನ ಕೈಗೆ ಕೊಟ್ಟೆ. "ಇದನ್ನ ಶೋಕೇಸಲ್ಲಿ ಇಡಮ್ಮ."

"ಎರಡೂ ಇಟ್ಕೊಳ್ಳೇ. ಅವರಿಗೊಂದು, ನಿನಗೊಂದು. ಯಾರು ಬೇಡ ಅಂದ್ರು?"

"ಅವರಿಗೆ ಅಂತ ಒಂದು ಫೋನ್ ನಾನ್ಯಾಕೆ ಹೊರಲಿ?"

ಅಮ್ಮ ನಿಟ್ಟುಸಿರು ಬಿಟ್ಟು ಅದನ್ನು ಗಾಜಿನ ಶೋಕೇಸಿನಲ್ಲಿ, ತಲೆಯಾಡಿಸುವ ತಂಜಾವೂರು ಬೊಂಬೆಯ ಪಕ್ಕದಲ್ಲಿ ನಿಲ್ಲಿಸಿದಳು. ದಿನವೂ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಅದನ್ನೂ ಚಾರ್ಜಿಗೆ ಹಾಕತೊಡಗಿದಳು. ಹುಡುಗನ ಮನೆಯ ವಸ್ತು ಆರಿಹೋದರೆ ಅಪಶಕುನವಂತೆ.

ದೊಡ್ಡಮ್ಮ ಇನ್ನೊಂದು ಕೆಲಸ ಮಾಡಿದ್ದಳು, ಅದು ನನಗೆ ಆಮೇಲೆ ತಿಳಿಯಿತು. ಸೋಮವಾರ ಮುಳಬಾಗಿಲಿಗೆ ಫೋನು ಮಾಡಿ, ಒಳ್ಳೆಯ ಗಳಿಗೆಯಲ್ಲಿ ಸಿಮ್ ಹಾಕಿಸಿದ್ದಾಯಿತು, ಹುಡುಗಿ ಈಗ ನಿಮ್ಮ ಫೋನನ್ನು ಕೈಯಿಂದ ಕೆಳಗೇ ಇಡುವುದಿಲ್ಲ ಎಂದು ಹೇಳಿದ್ದಳು. ಅವರು ನಂಬಿದರು.

ಆ ವಾರ ಹುಡುಗ ಸಂಜೆಗಳಲ್ಲಿ ಕರೆ ಮಾಡುತ್ತಿದ್ದ. ನಂಬರು ಅದೇ, ಆದ್ದರಿಂದ ಯಾವ ಫೋನಿನಲ್ಲಿ ಮಾತಾಡುತ್ತಿದ್ದೇನೆಂದು ಅವನಿಗೆ ತಿಳಿಯುವಂತಿರಲಿಲ್ಲ. ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳುತ್ತಿದ್ದದ್ದು ಬೇರೆ.

"ಇವತ್ತು ಕೆಲಸಕ್ಕೆ ಹೋಗಿದ್ಯಾ?"

"ಹೋಗಿದ್ದೆ."

"ನಿಜವಾಗ್ಲೂ?"

"ಹೋಗದೆ ಏನು?"

"ಏನಿಲ್ಲ, ಸುಮ್ಮನೆ ಕೇಳ್ದೆ."

ಮರುದಿನವೂ ಅದೇ ಪ್ರಶ್ನೆ. ಮೈ ಹುಷಾರಾಗಿದೆಯಾ ಎಂದೂ ಕೇಳಿದ. ಕಾಳಜಿ ಇರಬೇಕು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಹುಡುಗನ ತಾಯಿ ಮತ್ತು ತಂಗಿ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಎಳನೀರು, ಮೂಸಂಬಿ, ಒಂದು ಬ್ರೆಡ್ಡು. ನಾನು ಮನೆಯಲ್ಲಿರಲಿಲ್ಲ. ಆದ್ದರಿಂದ ಮೊದಲ ಭಾಗವನ್ನು ಅಮ್ಮ ಹೇಳಿದಂತೆ ಬರೆಯುತ್ತೇನೆ.

"ಎಲ್ಲಿ ಮಲಗವ್ಳೆ ಮಗು?" ಎಂದು ಕೇಳಿದರಂತೆ ಹುಡುಗನ ತಾಯಿ.

"ಯಾವ ಮಗು ಬೀಗರೇ?"

"ಮುಚ್ಚಿಡಬೇಡಿ. ಹುಷಾರಿಲ್ದೆ ವಾರದಿಂದ ಮನೇಲೇ ಇದ್ದಾಳೆ ಅಂತ ನಮಗೆ ಗೊತ್ತು. ಕೆಲಸ ಹೋಗಿದ್ರೂ ಹೇಳಿ, ಪರವಾಗಿಲ್ಲ. ನಾವೇನು ಹೊರಗಿನೋರಾ?"

ಅಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಲ್ಯಾಬಿಗೆ ಹೋಗಿದ್ದಾಳೆ ಎಂದಳು. ಅವರು ನಂಬಲಿಲ್ಲ. ತಂಗಿ ತನ್ನ ಫೋನನ್ನು ಮುಂದೆ ಹಿಡಿದುಕೊಂಡು, "ಇಲ್ಲೇ ಇದ್ದಾರೆ ಅಂತ ತೋರಿಸ್ತಾ ಇದೆ ಆಂಟಿ," ಎನ್ನುತ್ತ ಕೋಣೆಕೋಣೆಗೂ ಹೋದಳು. ನನ್ನ ಮಂಚದ ಮೇಲೆ ನೋಡಿದಳು. ಹಿತ್ತಿಲಿಗೆ ಹೋದಳು. ಬಚ್ಚಲಮನೆಯ ಬಾಗಿಲು ತಟ್ಟಿ, "ಅತ್ತಿಗೆ, ನಾನು, ನಾಚ್ಕೋಬೇಡಿ," ಎಂದಳು. ಕೊನೆಗೆ ನಡುಮನೆಗೆ ವಾಪಸು ಬಂದು ಶೋಕೇಸಿನ ಮುಂದೆ ನಿಂತಳು. ಗಾಜಿನ ಹಿಂದೆ, ತಲೆಯಾಡಿಸುವ ಬೊಂಬೆಯ ಪಕ್ಕದಲ್ಲಿ, ಅವರು ವಾರವಿಡೀ ನೋಡುತ್ತಿದ್ದ ಹುಡುಗಿ ಚಾರ್ಜಾಗುತ್ತಿದ್ದಳು.

ಸಂಜೆ ನಾನು ಬಾಗಿಲು ದಾಟಿದಾಗ ಮೂವರೂ ಅದರ ಮುಂದೆಯೇ ಕುಳಿತಿದ್ದರು. ಕಾಫಿ ಲೋಟಗಳಲ್ಲಿ ಕೆನೆ ಕಟ್ಟಿತ್ತು.

"ಶನಿವಾರ ಲ್ಯಾಬ್ ಮಧ್ಯಾಹ್ನಕ್ಕೇ ಮುಗಿಯತ್ತಂತೆ," ಎಂದರು ಹುಡುಗನ ತಾಯಿ. "ಇಷ್ಟು ಹೊತ್ತು ಎಲ್ಲಿದ್ದೆ ತಾಯಿ?"

"ಹೊರಗಡೆ ಇದ್ದೆ ಅತ್ತೆ."

"ಹೊರಗಡೆ ಅಂದ್ರೆ?"

"ಒಂದು ಕಡೆ ಹೋಗೋದಿತ್ತು. ಹೋಗಿಬಂದೆ."

"ಯಾವ ಕಡೆ ಅಂತ ಕೇಳಿದ್ದು ನಾನು."

"ಅದನ್ನ ಹೇಳಲ್ಲ ಅತ್ತೆ."

ಧ್ವನಿ ಏರಿಸಿರಲಿಲ್ಲ. ಏರಿಸಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ. ಅವರು ಅಮ್ಮನ ಕಡೆ ತಿರುಗಿದರು, ತೀರ್ಪು ಕೇಳುವವರ ಹಾಗೆ. ಅಮ್ಮ ನನ್ನನ್ನು ಬೈಯುತ್ತಾಳೆಂದು ನಾನೂ ಕಾದೆ. ಅವಳು ಹುಡುಗನ ತಂಗಿಯನ್ನು ನೋಡುತ್ತಿದ್ದಳು.

"ಅಲ್ಲಮ್ಮಾ, ನಮ್ಮ ಹುಡುಗಿ ಎಲ್ಲಿದ್ದಾಳೆ ಅಂತ ನಿನ್ನ ಫೋನಲ್ಲಿ ಹೆಂಗೆ ಗೊತ್ತಾಗತ್ತೆ?"

"ಅಣ್ಣ ಹಾಕ್ಕೊಟ್ಟವ್ನೆ ಆಂಟಿ. ಮನೆಯೋರೆಲ್ಲ ಎಲ್ಲೆಲ್ಲಿದ್ದಾರೆ ಅಂತ ಕಾಣತ್ತೆ. ಸೇಫ್ಟಿಗೆ."

"ನೀನೂ ಕಾಣ್ತೀಯಾ?"

"ನಾನು, ಅಮ್ಮ, ಇಬ್ರೂ ಕಾಣ್ತೀವಿ."

"ಸರಿ, ನಿಮ್ಮಣ್ಣ ಈಗ ಎಲ್ಲಿದ್ದಾನೆ ನೋಡಿ ಹೇಳು."

ಹುಡುಗಿ ನೋಡಿದಳು. ಬೆರಳಿನಿಂದ ಪರದೆಯನ್ನು ಅತ್ತಿತ್ತ ಸರಿಸಿದಳು. "ಅವನದು ಬರಲ್ಲ ಆಂಟಿ. ಅವನು ಆಫ್ ಮಾಡ್ಕೊಂಡವ್ನೆ."

ಮೂಸಂಬಿಯ ಚೀಲ ಅವರು ತಂದಿಟ್ಟ ಜಾಗದಲ್ಲೇ ಇತ್ತು. ಅಮ್ಮ ಅದನ್ನು ಎತ್ತಿ ಹುಡುಗನ ತಾಯಿಯ ಪಕ್ಕದಲ್ಲಿಟ್ಟಳು. "ಇಲ್ಲಿ ಯಾರಿಗೂ ಜ್ವರ ಇಲ್ಲ ಬೀಗರೇ. ತಗೊಂಡೋಗಿ, ಹಾಳಾಗತ್ತೆ."

ಅವರು ಹೋದ ಮೇಲೆ ಅಮ್ಮ ಶೋಕೇಸಿನ ಗಾಜು ಸರಿಸಿ, ಟವೆಲಿನಿಂದ ಫೋನನ್ನು ಹಾವು ಹಿಡಿದ ಹಾಗೆ ಹಿಡಿದಳು. "ಸೋಮವಾರದಿಂದ ಇದರ ಎದುರಿಗೇ ಸೀರೆ ಉಟ್ಟಿದ್ದೀನಲ್ಲೇ!"

"ಅದು ಜಾಗ ಮಾತ್ರ ತೋರಿಸೋದಮ್ಮ, ಮನುಷ್ಯರನ್ನಲ್ಲ."

"ಮೂರು ಕಣ್ಣು ಬೇರೆ ಐತೆ! ಯಾರಿಗೆ ಗೊತ್ತು?" ಎನ್ನುತ್ತ ರಾಗಿ ಹಿಟ್ಟಿನ ಡಬ್ಬದಲ್ಲಿಟ್ಟು ಮುಚ್ಚಳ ಬಿಗಿದಳು. ಬಹಳ ದಿನಗಳ ಮೇಲೆ ನನಗೆ ಗಟ್ಟಿಯಾಗಿ ನಗು ಬಂತು. ಅಮ್ಮ ನಗಲಿಲ್ಲ.

ಅವತ್ತೇ ಸಂಜೆ ಹುಡುಗನ ಕರೆ ಬಂತು. ಈ ಸಲ ಹಿತ್ತಿಲಿಗೆ ಹೋಗದೆ ಅಮ್ಮ, ಅಪ್ಪ ಇಬ್ಬರೂ ಇದ್ದ ಕಡೆಯೇ ಮಾತಾಡಿದೆ.

"ಇಷ್ಟು ಚಿಕ್ಕ ವಿಷಯಕ್ಕೆ ಅಷ್ಟು ದೊಡ್ಡದು ಮಾಡ್ಬೇಕಿತ್ತಾ? ನಿನ್ನ ಸೇಫ್ಟಿಗೆ ಅಂತ ತಾನೇ ಹಾಕಿದ್ದು."

"ನನ್ನನ್ನ ಕೇಳಲಿಲ್ಲ."

"ಕೇಳೋದೇನು, ಮನೆಯೋರು ನೋಡ್ಕೊಳ್ಳಲ್ವಾ?"

"ನಿಮ್ಮದು ಯಾಕೆ ಆಫ್ ಮಾಡಿದ್ದೀರ?"

"ನಾನು ಗಂಡಸು. ನನಗೇನಾಗತ್ತೆ?" ಎಂದು ನಕ್ಕ. ಅದು ಅವನಿಗೆ ನಿಜವಾಗಿಯೂ ತಮಾಷೆಯ ಪ್ರಶ್ನೆಯಾಗಿ ಕಂಡಿತ್ತು. "ಆ ಮಾಡೆಲ್ ಇಷ್ಟ ಆಗ್ಲಿಲ್ಲ ಅಂದ್ರೆ ಹೇಳು, ಬೇರೆ ಕೊಡಿಸ್ತೀನಿ. ಇನ್ನೂ ಒಳ್ಳೇದು."

"ನನ್ನ ಹತ್ತಿರ ಫೋನ್ ಇದೆ."

"ಸರಿ, ಒಂದು ಕೆಲಸ ಮಾಡೋಣ. ನೀನು ಸಿಮ್ ನಾವು ಕೊಟ್ಟ ಫೋನಿಗೆ ಹಾಕ್ಕೊ. ಎಲ್ಲಾ ಮರೆತುಬಿಡೋಣ. ಶನಿವಾರ ಎಲ್ಲಿಗೆ ಹೋಗಿದ್ದೆ ಅಂತ ನಾನು ಒಂದು ದಿನಾನೂ ಕೇಳಲ್ಲ. ಪ್ರಾಮಿಸ್."

ಅವನ ಧ್ವನಿಯಲ್ಲಿ ಔದಾರ್ಯವಿತ್ತು. ಅವನು ಕೇಳಬೇಕಾಗಿಯೇ ಇರಲಿಲ್ಲ. ನೋಡಿದರೆ ಸಾಕಾಗುತ್ತಿತ್ತು.

"ಫೋನ್ ವಾಪಸ್ ಕೊಡ್ತೀನಿ," ಎಂದೆ. "ಅದಿಲ್ಲದೆ ಮದುವೆ ಆಗೋದಾದ್ರೆ ಹೇಳಿ."

"ಹಾಗಂದ್ರೆ ನಾವು ಯೋಚನೆ ಮಾಡ್ಬೇಕಾಗತ್ತೆ."

"ನೀವು ಮಾಡಿ. ನಂದು ಆಯ್ತು."

ಕರೆ ಕತ್ತರಿಸಿದೆ. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಅಪ್ಪ ಪೇಪರ್ ಮಡಚಿಟ್ಟು ಕೇಳಿದರು, "ನಾಳೆ ಭಾನುವಾರ. ಮುಳಬಾಗಿಲಿಗೆ ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ?"

ದೊಡ್ಡಮ್ಮ ಸುದ್ದಿ ಕೇಳಿ ಓಡಿಬಂದಳು. "ಒಂದು ಫೋನಿಗೋಸ್ಕರ ಮದುವೆ ಬಿಡ್ತಾರೇನೇ? ನಾಳೆ ಯಾರಾದ್ರೂ ಕೇಳಿದ್ರೆ ನಾನು ಏನಂತ ಹೇಳಲಿ?"

"ಫೋನ್ ಹಿಡಿಸಲಿಲ್ಲ ಅಂತ ಹೇಳಿ ದೊಡ್ಡಮ್ಮ."

"ಥೂ! ನಗ್ತಾರೆ ಕಣೇ."

"ನಗಲಿ."

ಬಂದದ್ದೆಲ್ಲವನ್ನೂ ಬಂದ ಹಾಗೆಯೇ ತಟ್ಟೆಯಲ್ಲಿ ಜೋಡಿಸಿದೆವು. ಸೀರೆ, ಉಂಗುರ, ಬಳೆಯ ಡಬ್ಬಿ. ರಾಗಿ ಹಿಟ್ಟನ್ನು ಬ್ರಶ್ಶಿನಿಂದ ಉದುರಿಸಿ ಫೋನನ್ನು ಒರೆಸಿದೆ. ಬೆನ್ನಿನ ಕುಂಕುಮ ಒರೆಸಲಿಲ್ಲ. ಅದು ಅವರು ಹಚ್ಚಿದ್ದು. ಅಮ್ಮ ಹಣ್ಣಿಲ್ಲದ ತಟ್ಟೆ ಕೊಡಬಾರದೆಂದು ಎಲೆ ಅಡಿಕೆಯನ್ನೂ ಎರಡು ಬಾಳೆಹಣ್ಣನ್ನೂ ಇಟ್ಟಳು. ಮನಸ್ಸು ಮುರಿದರೂ ಮರ್ಯಾದೆ ಬಿಡುವವಳಲ್ಲ.

ಮುಳಬಾಗಿಲಿನಲ್ಲಿ ಹೆಚ್ಚು ಮಾತಾಗಲಿಲ್ಲ. ಹುಡುಗ ಮನೆಯಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ತಾಯಿ ಅಪ್ಪನಿಗೆ, "ಓದಿದ ಹುಡುಗಿ ಅಂತ ಆಸೆಪಟ್ಟು ಬಂದ್ವಿ, ಓದು ಜಾಸ್ತಿ ಆಗೋಯ್ತು," ಎಂದರು. ಅಪ್ಪ, "ಹೌದಮ್ಮಾ, ನಾವೇ ಓದಿಸಿದ್ದು," ಎಂದು ತಟ್ಟೆಯನ್ನು ಮೇಜಿನ ಮೇಲಿಟ್ಟರು.

ಹೊರಡುವಾಗ ತಂಗಿ ನೀರು ಕೊಡುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದಳು. ಮುಖದಲ್ಲಿ ನಗುವಿರಲಿಲ್ಲ. ಬೇಸರಪಟ್ಟುಕೊಂಡಿದ್ದಾಳೆ ಎಂದುಕೊಂಡೆ. ಅವಳು ತನ್ನ ಫೋನನ್ನು ನನ್ನ ಕಡೆ ಚಾಚಿದಳು.

"ಅತ್ತಿಗೆ, ಅದನ್ನ ಆಫ್ ಮಾಡೋದು ಹೆಂಗೆ?"

ನಾನು ಅವಳ ಅತ್ತಿಗೆಯಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎಲ್ಲಿ ಹೋಗಬೇಕು, ಯಾವುದನ್ನು ಒತ್ತಬೇಕು ಎಂದು ಹೇಳಿದೆ. ಅವಳೇ ಒತ್ತಿದಳು.

"ಅಣ್ಣ ಕೇಳಿದ್ರೆ?"

"ಅವನದು ಯಾಕೆ ಆಫ್ ಅಂತ ನೀನೂ ಕೇಳು."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು. ಬಹಳ ದೂರ ಬಂದ ಮೇಲೆ, "ಶನಿವಾರ ನೀನು ಎಲ್ಲಿ..." ಎಂದು ಶುರುಮಾಡಿ ನಿಲ್ಲಿಸಿದರು.

"ಬೇಡ ಬಿಡು," ಎಂದರು. "ಊಟ ಮಾಡ್ಕೊಂಡು ಹೋಗ್ತೀಯ ತಾನೇ?"

"ಡಬ್ಬಿ ತಗೊಂಡು ಹೋಗ್ತೀನಿ ಅಪ್ಪ."

"ಹಂಗಾದ್ರೆ ಸರಿ."

ದೊಡ್ಡಮ್ಮ ನಾನು ಹೇಳಿದ್ದನ್ನೇ ಊರಿಗೆಲ್ಲ ಹೇಳಿದಳು. ನಮ್ಮ ಬೀದಿಯಲ್ಲಿ ಈಗ ನನಗೆ ಇರುವ ಬಿರುದು, ಫೋನ್ ಹಿಡಿಸಲಿಲ್ಲವೆಂದು ಗಂಡನ್ನೇ ಬಿಟ್ಟವಳು. ನಲ್ಲಿ ಹತ್ತಿರ ನಿಂತ ಹೆಂಗಸರು ನನ್ನ ಕೈಯಲ್ಲಿರುವ ಚಿಕ್ಕ ಕಪ್ಪು ಫೋನನ್ನು ನೋಡಿ, "ಇದಕ್ಕಾ?" ಎಂದು ಕಣ್ಣಲ್ಲೇ ಕೇಳಿಕೊಳ್ಳುತ್ತಾರೆ. ತಿದ್ದಲು ಹೋಗುವುದಿಲ್ಲ. ಎರಡು ಫೋನುಗಳಿದ್ದವು, ಒಂದನ್ನು ಆರಿಸಿದೆ, ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಅದರ ಕ್ಯಾಮೆರಾ ಈಗಲೂ ಹುಣಸೆ ಮರವನ್ನು ಹಸಿರು ಮುದ್ದೆಯಾಗಿಯೇ ತೋರಿಸುತ್ತದೆ.

ಮೊನ್ನೆ ದೊಡ್ಡಮ್ಮ ಮಾಲೂರಿನ ಕಡೆಯ ಇನ್ನೊಂದು ಸಂಬಂಧ ತಂದಿದ್ದಳು. ಅವರು ನೋಡಿಕೊಂಡು ಹೊರಟು ನಿಂತಾಗ ಅಮ್ಮ ಬಾಗಿಲವರೆಗೆ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಮುಂದಕ್ಕೆ ಏನಾದ್ರೂ ಕೂಡಿಬಂದ್ರೆ, ಫೋನ್ ತರೋದಾದ್ರೆ ಸೀಲ್ ಒಡೀದೇ ತನ್ನಿ."

"ಫೋನೇ ಬೇಡಮ್ಮ," ಎಂದೆ ಒಳಗಿನಿಂದ. "ನನ್ನ ಹತ್ತಿರ ಇದೆ."